ಅಜ್ಜನ ಪಿಸ್ತೂಲಿಗೆ ಬೆಲೆ ಎಷ್ಟು?

ಅಮೆರಿಕದಲ್ಲಿ ಹತ್ತಿಪ್ಪತ್ತು ವರ್ಷ ಕಳೆದವರಿಗೆ ಎಸ್ಟೇಟ್ ಸೇಲ್ ಅಂದರೆ ಏನು ಅಂತ ವಿವರಿಸಬೇಕಿಲ್ಲ. ಮನೆಯ ಹಿರಿಯರು ತೀರಿಕೊಳ್ಳುತ್ತಾರೆ, ಮಕ್ಕಳು ಬೇರೆ ಬೇರೆ ಊರುಗಳಲ್ಲಿರುತ್ತಾರೆ, ಒಂದು ವಾರಾಂತ್ಯ ಇಡೀ ಮನೆಯೇ ಅಂಗಡಿಯಾಗಿಬಿಡುತ್ತದೆ. ನಮ್ಮಲ್ಲಿ ಎಷ್ಟೋ ಜನರ ಮೊದಲ ಊಟದ ಮೇಜು ಬಂದದ್ದು ಅಂಥ ಮನೆಗಳಿಂದಲೇ. ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ತಲೆಮಾರು ಈಗ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಅವರ ಮನೆಗಳನ್ನು ಖಾಲಿ ಮಾಡುವಾಗ ಅಟ್ಟದ ಮೂಲೆಯಲ್ಲೋ, ಟೂಲ್ ಬಾಕ್ಸಿನ ತಳದಲ್ಲೋ ಬಟ್ಟೆ ಸುತ್ತಿಟ್ಟ ಒಂದು ಗಂಟು ಆಗಾಗ ಸಿಗುತ್ತದೆ. ಬಿಚ್ಚಿ ನೋಡಿದರೆ ಒಳಗೆ ಜರ್ಮನ್ ಪಿಸ್ತೂಲ್. ಲೂಗರ್ ಇರಬಹುದು, ವಾಲ್ಟರ್ ಪಿ38 ಇರಬಹುದು. ಯುರೋಪಿನಿಂದ ವಾಪಸ್ ಬಂದ ಸೈನಿಕರು ನೆನಪಿಗೆ ಅಂತ ತಂದಿಟ್ಟುಕೊಂಡದ್ದು.

ಇಂಥದ್ದು ಕೈಗೆ ಸಿಕ್ಕವರು ತಕ್ಷಣ ಕೇಳುವ ಪ್ರಶ್ನೆ ಎರಡು. ಇದು ನಿಜಕ್ಕೂ ಯಾವುದು? ಇದಕ್ಕೆ ಎಷ್ಟು ಬರುತ್ತೆ? ಮೂರನೆಯ ಪ್ರಶ್ನೆ ಸ್ವಲ್ಪ ತಡವಾಗಿ ಬರುತ್ತದೆ. ಇದನ್ನು ಮನೆಯಲ್ಲಿ ಇಟ್ಟುಕೊಳ್ಳೋದು ಸರಿಯಾ? ಮಾರಿ ದುಡ್ಡು ತಗೊಳ್ಳೋದು ಸರಿಯಾ? ಈ ಬರಹದಲ್ಲಿ ನಾನು ಹೇಳಹೊರಟಿರುವುದು ಇಷ್ಟು: ಮೂರನೆಯ ಪ್ರಶ್ನೆಯ ಉತ್ತರ ಬಹುಮಟ್ಟಿಗೆ ಮೊದಲನೆಯದರೊಳಗೇ ಇದೆ. ಗುರುತು ಹಚ್ಚುವ ಕೆಲಸವನ್ನು ಕೊನೆಯವರೆಗೂ ಮಾಡಿದರೆ, ಆ ವಸ್ತುವಿಗೆ ನಾವು ಏನು ಸಲ್ಲಿಸಬೇಕು ಅನ್ನೋದು ತಿಳಿಯುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಬೆಲೆ ಮಾತ್ರ ತಿಳಿಯುತ್ತದೆ.

ನಮಗೆ ಪರಿಚಯದ ಒಂದು ಕನ್ನಡ ಕುಟುಂಬಕ್ಕೆ ಈ ಪ್ರಶ್ನೆ ಎದುರಾಯಿತು. ಅವರ ಸೊಸೆ ಪೆನ್ಸಿಲ್ವೇನಿಯಾದ ಹುಡುಗಿ. ಅವಳ ಅಜ್ಜನ ಮನೆ ಮಾರಿದಾಗ ಅವಳ ಪಾಲಿಗೆ ಬಂದದ್ದು ಒಂದು ಗಡಿಯಾರ, ಒಂದು ಫೋಟೋ ಆಲ್ಬಮ್, ಮತ್ತೆ ಚರ್ಮದ ಹೋಲ್‌ಸ್ಟರ್‌ನಲ್ಲಿದ್ದ ಒಂದು ಪಿ38. ಊರಿಂದ ಬಂದಿದ್ದ ಅತ್ತೆ ನೋಡಿದವರೇ, "ಎಷ್ಟು ಜನರ ಜೀವ ತೆಗೆದಿದೆಯೋ ಏನೋ. ದೇವರ ದೀಪ ಹಚ್ಚೋ ಮನೇಲಿ ಅದು ಬೇಡ ಕಣಮ್ಮಾ" ಅಂದರು. ಮಗ, "ಅಮ್ಮಾ, ಅದು ಬರೀ ಕಬ್ಬಿಣ. ಮಾರಿದ್ರೆ ಸಾವಿರ ಡಾಲರ್ ಹತ್ತಿರ ಬರುತ್ತೆ, ಮಗು ಕಾಲೇಜಿನ ಅಕೌಂಟ್‌ಗೆ ಹಾಕೋಣ" ಅಂದ. ಸೊಸೆ ಹೇಳಿದ್ದು ಬೇರೆಯೇ: ಅಜ್ಜ ಯುದ್ಧದ ಬಗ್ಗೆ ಬಾಯಿಬಿಟ್ಟು ಒಂದು ಮಾತು ಆಡಿದವರಲ್ಲ, ಆ ದಿನಗಳಿಂದ ಅವರು ಉಳಿಸಿ ಹೋದದ್ದು ಇದೊಂದೇ.

ಮೂರು ಮಾತಿನ ಹಿಂದೆಯೂ ಒಂದೊಂದು ನಂಬಿಕೆ ಇದೆ. ಅತ್ತೆಗೆ ಪಾಪ ವಸ್ತುವಿಗೆ ಅಂಟಿಕೊಳ್ಳುತ್ತದೆ. ಮಗನಿಗೆ ವಸ್ತು ಬರೀ ವಸ್ತು, ಒಳ್ಳೆಯದು ಕೆಟ್ಟದ್ದು ಎಲ್ಲ ಮನುಷ್ಯರಲ್ಲಿ. ಸೊಸೆಗೆ ಅದು ಒಬ್ಬ ಮನುಷ್ಯನ ನೆನಪು. ಮೂವರೂ ತಳ್ಳಿಹಾಕುವ ಮಾತು ಆಡಲಿಲ್ಲ. ಆದರೆ ಅಷ್ಟು ಹೊತ್ತಿಗೆ ಮೂವರಲ್ಲಿ ಯಾರೂ ಆ ಪಿಸ್ತೂಲನ್ನು ಸರಿಯಾಗಿ ನೋಡಿರಲಿಲ್ಲ.

ನೋಡೋದು ಹೇಗೆ? ಎಲ್ಲಕ್ಕಿಂತ ಮೊದಲು, ಎಂಬತ್ತು ವರ್ಷ ಹಳೆಯದಾದರೂ ಅದರಲ್ಲಿ ಗುಂಡು ಇದೆ ಅಂತಲೇ ತಿಳಿದು ನಡೆದುಕೊಳ್ಳಬೇಕು. ಗೊತ್ತಿಲ್ಲದವರು ಕೈ ಹಾಕಬಾರದು. ಲೈಸೆನ್ಸ್ ಇರುವ ಡೀಲರನ್ನೋ, ಬಂದೂಕು ರಿಪೇರಿ ಮಾಡುವವರನ್ನೋ ಕರೆಸಿ ಖಾಲಿ ಮಾಡಿಸಬೇಕು. ಬೆಲೆಯ ಮಾತೆಲ್ಲ ಆಮೇಲೆ.

ಪಿ38 ಅನ್ನೋದು ಜರ್ಮನ್ ಸೈನ್ಯ ದುಬಾರಿಯಾಗಿದ್ದ ಲೂಗರ್‌ನ ಬದಲಿಗೆ ಆರಿಸಿಕೊಂಡ 9 ಮಿ.ಮೀ. ಪಿಸ್ತೂಲ್. ಮ್ಯಾಗಜಿನ್‌ನಲ್ಲಿ 8 ಗುಂಡು. ಯುದ್ಧ ಮುಗಿಯುವ ಹೊತ್ತಿಗೆ ಹತ್ತು ಲಕ್ಷಕ್ಕೂ ಮೀರಿ ತಯಾರಾಗಿದ್ದವು. ಹಾಗಾಗಿ ಅಪರೂಪದ ವಸ್ತುವೇನಲ್ಲ. ಬೆಲೆ ನಿರ್ಧಾರವಾಗುವುದು ಅದರ ಮೈಮೇಲಿನ ಸಣ್ಣ ಸಣ್ಣ ಗುರುತುಗಳಿಂದ. ಸ್ಲೈಡಿನ ಎಡಗಡೆ ಒಂದು ಸಂಖ್ಯೆ, ಅದರ ಜೊತೆ ಒಂದು ಅಕ್ಷರ, ಪಕ್ಕದಲ್ಲಿ ಇನ್ನೊಂದು ಪುಟ್ಟ ಅಕ್ಷರಗುಂಪು ಇರುತ್ತದೆ. "ಎಸಿ" ಅಂತಿದ್ದರೆ ಝೆಲ್ಲಾ-ಮೆಹ್ಲಿಸ್ ಊರಿನ ವಾಲ್ಟರ್ ಕಾರ್ಖಾನೆ. "ಬಿವೈಎಫ್" ಅಂದರೆ ಓಬರ್ನ್‌ಡಾರ್ಫ್‌ನ ಮೌಸರ್, 1945ರಲ್ಲಿ ಅದೇ ಮೌಸರ್‌ಗೆ "ಎಸ್‌ವಿಡಬ್ಲ್ಯೂ". "ಸಿವೈಕ್ಯೂ" ಅಂದರೆ ಸ್ಪ್ರೀವೆರ್ಕ್. ವಾಲ್ಟರ್ ಮತ್ತು ಮೌಸರ್‌ನವು ಕೋಡಿನ ಕೆಳಗೆ ವರ್ಷದ ಕೊನೆಯ ಎರಡು ಅಂಕಿ ಹಾಕುತ್ತಿದ್ದವು, ಸ್ಪ್ರೀವೆರ್ಕ್ ಹಾಕುತ್ತಿರಲಿಲ್ಲ. 1940ರಲ್ಲಿ ಕೆಲವೇ ತಿಂಗಳು ವಾಲ್ಟರ್ "480" ಅನ್ನುವ ಅಂಕಿ ಬಳಸಿತ್ತು. ಆ ಗುರುತಿನ ಪಿಸ್ತೂಲ್ ಸಿಕ್ಕರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ.

ಈ ಕೋಡುಗಳು ಯಾಕೆ ಹುಟ್ಟಿದವು ಗೊತ್ತಾ? ಯಾವ ಆಯುಧ ಯಾವ ಊರಿನಲ್ಲಿ ತಯಾರಾಗುತ್ತಿದೆ ಅಂತ ಶತ್ರುವಿಗೆ ತಿಳಿಯಬಾರದು, ತಿಳಿದರೆ ಅಲ್ಲಿ ಬಾಂಬು ಬೀಳುತ್ತದೆ ಅಂತ. ಅಂದರೆ ಕಂಪನಿಯ ಹೆಸರು ಮುಚ್ಚಿಡಲು ಹಾಕಿದ ಗುರುತೇ ಇವತ್ತು ಕಂಪನಿಯನ್ನು ಗುರುತು ಹಿಡಿಯುವ ದಾರಿ.

ಇನ್ನೊಂದು ಗುರುತು ಹದ್ದಿನದು. ಸೈನ್ಯದ ಶಸ್ತ್ರಾಸ್ತ್ರ ಇಲಾಖೆಯ ತಪಾಸಣೆ ಮುದ್ರೆ, "ವಾಫೆನಾಮ್ಟ್". ಪುಟ್ಟ ಹದ್ದು, ಕೆಳಗೆ ಒಂದು ಸಂಖ್ಯೆ. ವಾಲ್ಟರ್‌ಗೆ 359, ಮೌಸರ್‌ಗೆ 135, ಸ್ಪ್ರೀವೆರ್ಕ್‌ಗೆ 88. ಕೋಡು ಒಂದು ಕಾರ್ಖಾನೆಯದು, ಹದ್ದಿನ ಸಂಖ್ಯೆ ಇನ್ನೊಂದರದು ಆಗಿದ್ದರೆ, ಬೇರೆ ಪಿಸ್ತೂಲಿನ ಭಾಗ ಸೇರಿದೆಯಾ ಅಂತ ವಿಚಾರಿಸಬೇಕು. ಚೌಕಟ್ಟು, ಸ್ಲೈಡ್, ಬ್ಯಾರೆಲ್ ಮೂರರ ಮೇಲೂ ಒಂದೇ ಸಂಖ್ಯೆ ಇರಬೇಕು. ಇದನ್ನೇ ಸಂಗ್ರಾಹಕರು "ಮ್ಯಾಚಿಂಗ್" ಅನ್ನೋದು. ಲೂಗರ್‌ನಲ್ಲಂತೂ ಸಣ್ಣ ಸಣ್ಣ ಬಿಡಿಭಾಗಗಳ ಮೇಲೂ ಸಂಖ್ಯೆಯ ಕೊನೆಯ ಎರಡು ಅಂಕಿ ಕೆತ್ತಿರುತ್ತಾರೆ. ಒಂದು ಭಾಗ ಬದಲಾಗಿದ್ದರೂ ಬೆಲೆ ಇಳಿಯುತ್ತದೆ.

ಇನ್ನು ಮೈಬಣ್ಣ. ಯುದ್ಧದ ಮೊದಲ ವರ್ಷಗಳ ಪಿ38 ಕನ್ನಡಿಯ ಹಾಗೆ ನುಣುಪು. 1943ರಿಂದಾಚೆ ಅವಸರ ಕಾಣುತ್ತದೆ, ಯಂತ್ರ ಕೊರೆದ ಗೀರುಗಳು ಹಾಗೇ ಉಳಿದಿರುತ್ತವೆ. ಆ ಒರಟು ಅದರದೇ, ಅದು ದೋಷವಲ್ಲ. ಚೆಂದ ಕಾಣಲಿ ಅಂತ ಯಾರಾದರೂ ಉಜ್ಜಿ ಹೊಸದಾಗಿ ನೀಲಿ ಬಣ್ಣ ಹಾಕಿಸಿದ್ದರೆ ಬೆಲೆ ಅರ್ಧಕ್ಕೆ ಇಳಿಯಬಹುದು. ಅಕ್ಷರಗಳ ಅಂಚು ಮೊಂಡಾಗಿದ್ದರೆ, ಗುಂಡಿಯಂತೆ ತೂತುಬಿದ್ದ ತುಕ್ಕಿನ ಕಲೆಯ ಮೇಲೂ ಬಣ್ಣ ಹೊಳೆಯುತ್ತಿದ್ದರೆ, ಉಜ್ಜಿದ್ದಾರೆ ಅಂತ ತಿಳಿಯಬಹುದು. ಸಂಗ್ರಾಹಕರ ಮೊದಲ ಪಾಠ ಇದು: ಸಿಕ್ಕಿದ್ದನ್ನು ಸಿಕ್ಕ ಹಾಗೇ ಬಿಡಿ, ಪಾಲಿಷ್ ಮಾಡಬೇಡಿ.

ಸೊಸೆಗೆ ಬಂದ ಪಿಸ್ತೂಲಿನ ಮೇಲೆ "ಎಸಿ 43" ಅಂತಿತ್ತು. ಸಂಖ್ಯೆಗಳು ಹೊಂದುತ್ತಿದ್ದವು. ಹೋಲ್‌ಸ್ಟರ್‌ನಲ್ಲಿ ಮಡಚಿಟ್ಟ ಒಂದು ಕಾಗದವೂ ಇತ್ತು. ಈ ವಸ್ತುವನ್ನು ಶತ್ರುವಿನಿಂದ ಪಡೆದದ್ದು, ಮನೆಗೆ ಒಯ್ಯಲು ಅನುಮತಿ ಇದೆ ಅಂತ ಮೇಲಧಿಕಾರಿ ಸಹಿ ಹಾಕಿದ ಪ್ರಮಾಣಪತ್ರ. ಪಿಸ್ತೂಲಿನ ಸಂಖ್ಯೆ ಅದರಲ್ಲಿ ಬರೆದಿದ್ದರೆ ಬೆಲೆ ಚೆನ್ನಾಗಿಯೇ ಏರುತ್ತದೆ. ಇವರದರಲ್ಲಿ ಬರೆದಿತ್ತು. ಡೀಲರ್ ಆ ಕಾಗದವನ್ನು ಪಿಸ್ತೂಲಿಗಿಂತ ಹೆಚ್ಚು ಹೊತ್ತು ನೋಡಿದರಂತೆ. ಅದಿಲ್ಲದಿದ್ದರೆ ಸಾವಿರ ಡಾಲರ್ ಆಸುಪಾಸು, ಅದಿದ್ದರೆ ಅದಕ್ಕಿಂತ ಮೇಲೆ ಅಂದರು.

ಇಲ್ಲಿಗೆ ಮಾರುಕಟ್ಟೆಯ ಮಟ್ಟಿಗೆ ಗುರುತು ಹಚ್ಚುವ ಕೆಲಸ ಮುಗಿಯಿತು. ನಮಗೂ ಮುಗಿಯಿತಾ?

ಗುರುತು ಅನ್ನೋ ಮಾತಿಗೆ ಕನ್ನಡದಲ್ಲಿ ಎರಡು ಮುಖ ಇದೆ. ಮೈಮೇಲಿನ ಮಚ್ಚೆಯೂ ಗುರುತೇ, ಒಬ್ಬರನ್ನೊಬ್ಬರು ಬಲ್ಲೆವು ಅನ್ನೋದೂ ಗುರುತೇ. "ನನ್ನ ಗುರುತು ಸಿಕ್ತಾ?" ಅಂತ ಕೇಳುವಾಗ ನಮ್ಮ ಸಂಖ್ಯೆ ಓದಿ ಅಂತ ಕೇಳುವುದಿಲ್ಲ. ಪಿಸ್ತೂಲಿನ ಹದ್ದು, ಕೋಡು, ಸಂಖ್ಯೆ ಎಲ್ಲ ಮೊದಲ ಅರ್ಥದ ಗುರುತುಗಳು. ಎರಡನೆಯ ಅರ್ಥದಲ್ಲಿ ಅದರ ಗುರುತು ಸಿಗಬೇಕಾದರೆ ಆ ಅಕ್ಷರಗಳ ಹಿಂದೆ ಹೋಗಬೇಕು.

"ಎಸಿ" ಅನ್ನೋ ಎರಡಕ್ಷರದ ಹಿಂದೆ ಹೋದರೆ ಝೆಲ್ಲಾ-ಮೆಹ್ಲಿಸ್ ಮಾತ್ರ ಸಿಗುವುದಿಲ್ಲ. ಹ್ಯಾಂಬರ್ಗ್ ಹತ್ತಿರದ ನೋಯೆನ್‌ಗಾಮೆ ಸೆರೆಶಿಬಿರವೂ ಸಿಗುತ್ತದೆ. ಅದೇ ವಾಲ್ಟರ್ ಕಂಪನಿಯ ಒಂದು ಕಾರ್ಖಾನೆ ಆ ಶಿಬಿರದ ಒಳಗೇ ಇತ್ತು. ಅಲ್ಲಿ ಕೈದಿಗಳಿಂದ ಮಾಡಿಸಿದ್ದು ಪಿ38 ಅಲ್ಲ, ರೈಫಲ್‌ನ ಭಾಗಗಳು. ಆ ಶಿಬಿರ ಮತ್ತು ಅದರ ಉಪಶಿಬಿರಗಳಿಗೆ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಂದು ಹಾಕಿದ್ದರು; ಕಡಿಮೆಯೆಂದರೂ 42,900 ಜನ ಸತ್ತರು. ಕಾರ್ಖಾನೆಯ ಕಟ್ಟಡ ಈಗಲೂ ನಿಂತಿದೆ, ಸ್ಮಾರಕದ ಭಾಗವಾಗಿ. ನಮ್ಮ ಮೇಜಿನ ಮೇಲಿರುವ ಪಿಸ್ತೂಲನ್ನು ಅಲ್ಲಿಯ ಕೈದಿಯೊಬ್ಬ ಮಾಡಿದ ಅಂತ ನಾನು ಹೇಳುತ್ತಿಲ್ಲ. ಅದರ ಮೇಲಿನ ಎರಡಕ್ಷರ ಯಾವ ಲೆಕ್ಕದ ಪುಸ್ತಕಕ್ಕೆ ಸೇರಿದ್ದು ಅಂತ ಹೇಳುತ್ತಿದ್ದೇನೆ.

ಪೋಲೆಂಡಿನ ಉದಾಹರಣೆ ಇನ್ನೂ ನೇರ. ರಾಡೋಮ್ ಊರಿನ ಸರ್ಕಾರಿ ಕಾರ್ಖಾನೆಯಲ್ಲಿ "ವಿಸ್" ಅನ್ನುವ ಒಳ್ಳೆಯ ಪಿಸ್ತೂಲ್ ತಯಾರಾಗುತ್ತಿತ್ತು. ಜರ್ಮನ್ನರು ದೇಶವನ್ನು ಆಕ್ರಮಿಸಿ, ಅದೇ ಕಾರ್ಖಾನೆಯಲ್ಲಿ ತಮ್ಮ ಸೈನ್ಯಕ್ಕೆ ಅದೇ ಪಿಸ್ತೂಲ್ ಮಾಡಿಸತೊಡಗಿದರು. ಆದರೆ ಬ್ಯಾರೆಲ್ ಮಾತ್ರ ಅಲ್ಲಿ ಮಾಡಲು ಬಿಡಲಿಲ್ಲ, ಆಸ್ಟ್ರಿಯಾದ ಸ್ಟೈಯರ್‌ನಲ್ಲಿ ಮಾಡಿಸಿದರು. ಯಾಕೆಂದರೆ ಎಲ್ಲ ಭಾಗವೂ ಒಂದೇ ಕಡೆ ಸಿಕ್ಕರೆ ಕೆಲಸಗಾರರು ಇಡೀ ಪಿಸ್ತೂಲನ್ನೇ ಭೂಗತ ಹೋರಾಟಗಾರರಿಗೆ ಸಾಗಿಸಿಬಿಡುತ್ತಾರೆ ಅನ್ನೋ ಭಯ. ಅಷ್ಟಾದರೂ ಕೆಲಸಗಾರರು ಸಾಗಿಸಿದರು. 1942ರ ಅಕ್ಟೋಬರ್‌ನಲ್ಲಿ ಅದಕ್ಕಾಗಿ ಜನರನ್ನು ಸಾರ್ವಜನಿಕವಾಗಿ ಗಲ್ಲಿಗೇರಿಸಿದರು. ಇವತ್ತು ಬೆಲೆಪಟ್ಟಿಯಲ್ಲಿ ನೋಡಿದರೆ, ಯುದ್ಧಕ್ಕೆ ಮುಂಚಿನ, ಪೋಲೆಂಡಿನ ಹದ್ದಿರುವ ವಿಸ್‌ಗೆ ಹೆಚ್ಚು ಬೆಲೆ. ಜರ್ಮನ್ ಆಕ್ರಮಣದ ಕಾಲದ್ದಕ್ಕೆ ಕಡಿಮೆ. ಅಪರೂಪದ ಲೆಕ್ಕದಲ್ಲಿ ಅದು ಸರಿಯೇ. ಆದರೆ ಕಡಿಮೆ ಬೆಲೆಯ ಆ ಪಿಸ್ತೂಲಿನಲ್ಲೇ ಗಲ್ಲಿಗೇರಿದವರ ಕಥೆ ಇರೋದು.

ಮಾರುಕಟ್ಟೆಗೆ ಕಥೆ ಬೇಡ ಅಂತಲ್ಲ. ಕಥೆಗೂ ದುಡ್ಡು ಕೊಡುತ್ತದೆ, ಆದರೆ ತನಗೆ ಬೇಕಾದ ಕಥೆಗೆ ಮಾತ್ರ. ಮೌಸರ್ 1941-42ರಲ್ಲಿ ಮಾಡಿದ, ಕಪ್ಪು ಹಿಡಿಕೆಯ ಲೂಗರ್‌ಗೆ "ಬ್ಲ್ಯಾಕ್ ವಿಡೋ" ಅನ್ನೋ ಹೆಸರಿದೆ. ಅದು ಜರ್ಮನ್ ಸೈನ್ಯ ಇಟ್ಟ ಹೆಸರಲ್ಲ, ಯುದ್ಧ ಮುಗಿದ ಮೇಲೆ ಮಾರಾಟಕ್ಕೆ ಅಂತ ಹುಟ್ಟಿದ್ದು. ಇದು ಬರೀ ವ್ಯಾಪಾರದ ಜಾಣತನ ಅಂತ ಬಿಡಬಹುದು. ಎಸ್‌ಎಸ್ ಪಡೆಯ ಗುರುತಿನ ವಿಷಯ ಹಾಗೆ ಬಿಡುವಂಥದ್ದಲ್ಲ. ಒಂದು ಪಿಸ್ತೂಲ್ ಎಸ್‌ಎಸ್‌ನವರ ಕೈಯಲ್ಲಿತ್ತು ಅಂತಾದರೆ ಬೆಲೆ ಮೇಲೇರುತ್ತದೆ. ಹಾಗಾಗಿಯೇ ಆ ಗುರುತನ್ನು ಈಚೆಗೆ ಕೆತ್ತಿದ ನಕಲಿಗಳು ಬೇಕಾದಷ್ಟಿವೆ. ಒಂದು ಕ್ಷಣ ಯೋಚಿಸಿ: ಒಬ್ಬ ಮನುಷ್ಯ ತನ್ನ ಗ್ಯಾರೇಜಿನಲ್ಲಿ ಕೂತು, ಸಾಮಾನ್ಯ ಸೈನಿಕನೊಬ್ಬನ ಪಿಸ್ತೂಲಿಗೆ, ಬೆಲೆ ಹೆಚ್ಚಲಿ ಅಂತ, ಕೊಲೆಗಾರರ ಗುರುತನ್ನು ಹೊಸದಾಗಿ ಕೆತ್ತುತ್ತಾನೆ. ಕೇಡು ಹೆಚ್ಚಿದಷ್ಟೂ ಬೆಲೆ ಹೆಚ್ಚು ಅನ್ನೋ ಲೆಕ್ಕ ಇಲ್ಲದಿದ್ದರೆ ಅವನಿಗೆ ಆ ಕೆಲಸವೇ ಹುಟ್ಟುತ್ತಿರಲಿಲ್ಲ. ಅಂಥ ಗುರುತಿಗೆ ಹೆಚ್ಚು ದುಡ್ಡು ಕೊಡುವ ಪ್ರತಿಯೊಬ್ಬನೂ ಆ ಗ್ಯಾರೇಜಿಗೆ ಕೆಲಸ ಕೊಡುತ್ತಿರುತ್ತಾನೆ.

ಹಾಗಾದರೆ ಅತ್ತೆ ಹೇಳಿದ್ದೇ ಸರಿಯಾ, ಪಾಪ ಕಬ್ಬಿಣಕ್ಕೆ ಅಂಟಿದೆಯಾ? ನನಗೆ ಹಾಗನ್ನಿಸುವುದಿಲ್ಲ. 1945ರ ಏಪ್ರಿಲ್‌ನಲ್ಲಿ ಫ್ರೆಂಚ್ ಸೈನ್ಯ ಓಬರ್ನ್‌ಡಾರ್ಫ್ ಹಿಡಿಯಿತು. ಮೌಸರ್ ಕಾರ್ಖಾನೆಯಲ್ಲಿ ಅದೇ ಯಂತ್ರಗಳ ಮೇಲೆ, ಅದೇ ಬಿಡಿಭಾಗಗಳಿಂದ ಪಿ38 ತಯಾರಿ ಮುಂದುವರಿಯಿತು, ಈಗ ಫ್ರೆಂಚರಿಗಾಗಿ. ನಾಜಿಗಳು ಆಕ್ರಮಿಸಿದ್ದ ದೇಶದ ಸೈನಿಕರೇ ಅದನ್ನು ಸೊಂಟಕ್ಕೆ ಕಟ್ಟಿಕೊಂಡರು. 1950ರ ದಶಕದಲ್ಲಿ ಪಶ್ಚಿಮ ಜರ್ಮನಿಯ ಹೊಸ ಸೈನ್ಯವೂ ಇದೇ ವಿನ್ಯಾಸವನ್ನು, ಅಲ್ಯೂಮಿನಿಯಂ ಚೌಕಟ್ಟು ಹಾಕಿ, ಒಪ್ಪಿಕೊಂಡಿತು. ಆಮೇಲೆ ಅದಕ್ಕೆ ಪಿ1 ಅಂತ ಹೆಸರಾಯಿತು. ಪಾಪ ಕಬ್ಬಿಣದಲ್ಲೋ ವಿನ್ಯಾಸದಲ್ಲೋ ಇದ್ದಿದ್ದರೆ ಇವೆಲ್ಲಕ್ಕೂ ಅಂಟಬೇಕಿತ್ತು.

ಹಾಗಂತ ಮಗನ ಮಾತನ್ನೂ ಪೂರ್ತಿ ಒಪ್ಪೋಕಾಗಲ್ಲ. ಬರೀ ಕಬ್ಬಿಣವಾಗಿದ್ದರೆ ಉಜ್ಜಿ ಬಣ್ಣ ಹಾಕಿದಾಗ ಬೆಲೆ ಏರಬೇಕಿತ್ತು, ಇಳಿಯುತ್ತದೆ ಯಾಕೆ? ಬ್ಯಾರೆಲ್ ಬದಲಿಸಿದರೆ ಚೆನ್ನಾಗಿ ಗುಂಡು ಹಾರಿಸಬಹುದು, ಆದರೂ ಬೆಲೆ ಬೀಳುತ್ತದೆ ಯಾಕೆ? ಕೊಳ್ಳುವವರು ದುಡ್ಡು ಕೊಡುತ್ತಿರುವುದು ಕಬ್ಬಿಣಕ್ಕಲ್ಲ, ಅದು ಇಂಥ ಕಡೆ, ಇಂಥ ಕಾಲದಲ್ಲಿ ಇತ್ತು ಅನ್ನೋ ಸಾಕ್ಷ್ಯಕ್ಕೆ. ಅಂದರೆ ಮಾರುಕಟ್ಟೆಯೇ ಒಪ್ಪಿಕೊಂಡಿರುವ ಸತ್ಯ ಇದು: ಈ ವಸ್ತುವಿನಲ್ಲಿರುವುದು ಪಾಪವಲ್ಲ, ಸಾಕ್ಷಿ.

ಸಾಕ್ಷಿಯ ಬಗ್ಗೆ ನಮಗೆಲ್ಲರಿಗೂ ಗೊತ್ತಿರುವ ನ್ಯಾಯ ಇದೆ. ಸಾಕ್ಷಿಯನ್ನು ಕೊಲ್ಲಬಾರದು, ಸಾಕ್ಷಿಗೆ ಸುಳ್ಳು ಕಲಿಸಬಾರದು, ಅರ್ಧ ಮಾತಾಡಿಸಿ ಕೂರಿಸಬಾರದು. ಪಿಸ್ತೂಲಿನ ವಿಷಯಕ್ಕೆ ತಂದರೆ, ಹೆದರಿ ಕೆರೆಗೆ ಎಸೆಯೋದು ಮೊದಲನೆಯದು, ನಕಲಿ ಗುರುತು ಕೆತ್ತೋದು ಎರಡನೆಯದು, "ಎಸಿ 43, ಸಂಖ್ಯೆ ಹೊಂದುತ್ತದೆ, ಕಾಗದ ಇದೆ" ಅಂತಷ್ಟೇ ಹೇಳಿ ಮಾರೋದು ಮೂರನೆಯದು. ಪಾಲಿಷ್ ಮಾಡಬೇಡಿ ಅನ್ನೋ ಸಂಗ್ರಾಹಕರ ಪಾಠ ದುಡ್ಡಿಗಾಗಿ ಹುಟ್ಟಿದ್ದಾದರೂ, ಅದರೊಳಗೆ ದುಡ್ಡಿಗಿಂತ ದೊಡ್ಡ ಮಾತಿದೆ.

ಜರ್ಮನಿಯವನೇ ಆದ ಕಾಂಟ್ 1785ರ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಬೆಲೆ ಮತ್ತು ಘನತೆ ಬೇರೆ ಬೇರೆ ಅಂತ ವಾದಿಸಿದ. ಯಾವುದಕ್ಕೆ ಬೆಲೆ ಇದೆಯೋ ಅದರ ಜಾಗಕ್ಕೆ ಸಮನಾದ ಇನ್ನೊಂದನ್ನು ತರಬಹುದು. ಯಾವುದರ ಜಾಗಕ್ಕೆ ಇನ್ನೊಂದನ್ನು ತರೋಕಾಗಲ್ಲವೋ ಅದಕ್ಕಿರುವುದು ಘನತೆ. ಪಿಸ್ತೂಲಿಗೆ ಬೆಲೆ ಇದೆ, ಅಂಥದ್ದೇ ಇನ್ನೊಂದು "ಎಸಿ 43" ಸಿಗುತ್ತದೆ. ನೋಯೆನ್‌ಗಾಮೆಯಲ್ಲಿ ಅಂಗಿಯ ಮೇಲೆ ಸಂಖ್ಯೆ ಹೊಲಿಸಿಕೊಂಡು ದುಡಿದವನಿಗೆ ಬೆಲೆ ಕಟ್ಟಲು ಬರುವುದಿಲ್ಲ. ಅಲ್ಲಿ ನಡೆದ ಅನ್ಯಾಯದ ತಿರುಳು ಇದೇ ಅಲ್ವಾ? ಮನುಷ್ಯರನ್ನು ಒಬ್ಬ ಹೋದರೆ ಇನ್ನೊಬ್ಬ ಅನ್ನೋ ಬಿಡಿಭಾಗಗಳ ಲೆಕ್ಕಕ್ಕೆ ಸೇರಿಸಿದ್ದು. ನಾವು ವಸ್ತುವಿನ ಸಂಖ್ಯೆಯನ್ನು ಭೂತಗನ್ನಡಿ ಹಿಡಿದು ಓದಿ, ಆ ಮನುಷ್ಯರ ಬಗ್ಗೆ ಒಂದು ಸಾಲೂ ಬರೆಯದೆ ಮುಗಿಸಿದರೆ, ಅದೇ ಲೆಕ್ಕವನ್ನು ಇನ್ನೊಮ್ಮೆ ಒಪ್ಪಿದ ಹಾಗಾಗುತ್ತದೆ.

ನಮ್ಮ ಕಡೆಯಲ್ಲಿ ಆಯುಧವನ್ನು ನೋಡುವ ರೀತಿ ಬೇರೆ. ಮಹಾನವಮಿಗೆ ಪೂಜೆ ಮಾಡುತ್ತೇವೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಡುತ್ತಾರೆ. ಪಾಂಡವರು ಬನ್ನಿ ಮರದಲ್ಲಿ ಆಯುಧ ಬಚ್ಚಿಟ್ಟಾಗ, ಯಾರೂ ಹತ್ತಿರ ಬರದಿರಲಿ ಅಂತ ಒಂದು ಹೆಣವನ್ನೂ ಕಟ್ಟಿದ್ದರು ಅಂತ ಕಥೆ. ಆದರೆ ಇಲ್ಲೆಲ್ಲ ಆಯುಧಕ್ಕೆ ಒಡೆಯ ಇದ್ದಾನೆ, ಅದನ್ನು ಯಾರು, ಯಾಕೆ ಹಿಡಿದರು ಅಂತ ಮನೆಯವರಿಗೆ ಗೊತ್ತು. ಅಟ್ಟದಲ್ಲಿ ಸಿಕ್ಕ ಜರ್ಮನ್ ಪಿಸ್ತೂಲಿಗೆ ಪೂಜೆ ಸಲ್ಲದು. ಅದನ್ನು ಕೆಳಗಿಳಿಸಿದವರು ಅರ್ಜುನರಲ್ಲ, ಮರದ ಕೆಳಗೆ ಹಾದುಹೋಗುತ್ತಿದ್ದ ದಾರಿಹೋಕರು.

ಸೊಸೆಯ ಮಾತಿಗೆ ಬರೋಣ. ಸಂಗ್ರಾಹಕರು ದುಡ್ಡನ್ನು ವಸ್ತುವಿಗೆ ಕೊಡು, ಕಥೆಗೆ ಕೊಡಬೇಡ ಅನ್ನುತ್ತಾರೆ. ಸತ್ತ ಅಧಿಕಾರಿಯ ಸೊಂಟದಿಂದ ತೆಗೆದದ್ದು ಅಂತ ಮನೆಮಂದಿ ಹೇಳುತ್ತಾ ಬಂದದ್ದು, ನಿಜಕ್ಕೂ ಶರಣಾದವರು ಗುಡ್ಡೆ ಹಾಕಿದ ಆಯುಧಗಳಿಂದ ಆರಿಸಿಕೊಂಡದ್ದೋ, ಸಿಗರೇಟು ಕೊಟ್ಟು ಇನ್ನೊಬ್ಬ ಸೈನಿಕನಿಂದ ಪಡೆದದ್ದೋ ಇರಬಹುದು. ಕೊಳ್ಳುವವನಿಗೆ ಆ ಎಚ್ಚರ ಬೇಕು. ಮನೆಯವರ ಕೆಲಸ ಬೇರೆ. ಅವರು ಕಥೆಯನ್ನು ನಂಬಲೂಬಾರದು, ಬಿಸಾಡಲೂಬಾರದು, ಹುಡುಕಬೇಕು. 1973ರಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು ಆ ಕಾಲದ ಅಮೆರಿಕನ್ ಭೂಸೈನಿಕರ ಕಡತಗಳಲ್ಲಿ ಬಹುಪಾಲು ಸುಟ್ಟುಹೋದವು. ಹಾಗಾಗಿ ಹೋಲ್‌ಸ್ಟರ್‌ನಲ್ಲಿದ್ದ ಆ ಮಡಚಿದ ಕಾಗದ, ಅಜ್ಜ ಯಾವ ತುಕಡಿಯಲ್ಲಿದ್ದರು, ಯಾವ ತಿಂಗಳು ಅಲ್ಲಿದ್ದರು ಅಂತ ಹೇಳುವ ಏಕೈಕ ದಾಖಲೆ ಆಗಿರಬಹುದು. ಪಿಸ್ತೂಲನ್ನು ಮಾರಿದರೂ ಆ ಕಾಗದದ ಒಳ್ಳೆಯ ಪ್ರತಿ ಮನೆಯಲ್ಲಿರಬೇಕು.

ಕಾನೂನಿನ ಮಾತು ಎರಡು ಸಾಲಿನಲ್ಲಿ. ಅಮೆರಿಕದಲ್ಲಿ 50 ವರ್ಷ ದಾಟಿದ ಇಂಥ ಆಯುಧ "ಕ್ಯೂರಿಯೋ" ವರ್ಗಕ್ಕೆ ಬರುತ್ತದೆ, ಆದರೂ ಕಾನೂನಿನ ಕಣ್ಣಲ್ಲಿ ಅದು ಬಂದೂಕೇ. ನಮ್ಮವರು ಗಮನಿಸಬೇಕಾದ್ದು: ಎಚ್-1ಬಿಯಂಥ ವೀಸಾದಲ್ಲಿರುವವರು, ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಬ್ರಿಟನ್ನಿನಲ್ಲಿ 1997ರ ಕಾನೂನಿನ ನಂತರ ಮನೆಯಲ್ಲಿ ಪಿಸ್ತೂಲ್ ಸಿಕ್ಕರೆ ಮೊದಲು ಪೊಲೀಸರಿಗೆ ಫೋನ್ ಮಾಡಿ ಕೇಳಬೇಕು, ಕೈಯಲ್ಲಿ ಹಿಡಿದು ಠಾಣೆಗೆ ಹೋಗಬಾರದು. ಕೆನಡಾದಲ್ಲಿ 2022ರ ಅಕ್ಟೋಬರ್‌ನಿಂದ ಖಾಸಗಿಯವರ ನಡುವೆ ಕೈಬಂದೂಕಿನ ಮಾರಾಟ, ವರ್ಗಾವಣೆ ನಿಂತಿದೆ.

ಹಾಗಾದರೆ ಏನು ಮಾಡಬೇಕು, ಇಟ್ಟುಕೊಳ್ಳಬೇಕಾ, ಮಾರಬೇಕಾ, ಮ್ಯೂಸಿಯಮ್ಮಿಗೆ ಕೊಡಬೇಕಾ? ಮ್ಯೂಸಿಯಮ್ಮುಗಳ ಬಳಿ ಪಿ38 ಬೇಕಾದಷ್ಟಿರುತ್ತದೆ, ಕಾಗದಪತ್ರ ಮತ್ತು ಕಥೆ ಜೊತೆಗಿದ್ದರೆ ಮಾತ್ರ ಆಸಕ್ತಿ ತೋರಿಸುತ್ತಾರೆ. ನನ್ನ ಮಟ್ಟಿಗೆ ಈ ಮೂರರಲ್ಲಿ ಯಾವುದೂ ತಾನಾಗಿಯೇ ತಪ್ಪಲ್ಲ. ಮಗುವಿನ ಓದಿಗೆ ದುಡ್ಡು ಬೇಕಾಗಿದ್ದರೆ ಮಾರಿದ್ದಕ್ಕೆ ಯಾರೂ ನಾಚಬೇಕಿಲ್ಲ. ಆದರೆ ಯಾವ ದಾರಿ ಹಿಡಿದರೂ ಪಿಸ್ತೂಲಿನ ಜೊತೆ ಒಂದು ಹಾಳೆ ಹೋಗಬೇಕು ಅಂತ ನಾನು ಅವರಿಗೆ ಹೇಳಿದೆ.

ಸೊಸೆ ಆ ಹಾಳೆ ಬರೆದಿದ್ದಾಳೆ, ಇಂಗ್ಲಿಷಿನಲ್ಲಿ, ಒಂದೂವರೆ ಪುಟ. ಕೋಡು, ವರ್ಷ, ಸಂಖ್ಯೆ, ಹದ್ದಿನ ಮುದ್ರೆ ಎಲ್ಲ ಮೊದಲಿಗೆ ಇದೆ. ಆಮೇಲೆ ವಾಲ್ಟರ್ ಕಂಪನಿ ಯಾವುದು, ಅದು ಕೈದಿಗಳಿಂದ ಎಲ್ಲಿ ಏನು ಮಾಡಿಸಿತು ಅಂತ ನಾಲ್ಕು ಸಾಲು. ಅಜ್ಜನ ಹೆಸರು, ತುಕಡಿ, ಪ್ರಮಾಣಪತ್ರದ ತಾರೀಖು. ಅವರು ಯುದ್ಧದ ಬಗ್ಗೆ ಮಾತಾಡುತ್ತಿರಲಿಲ್ಲ ಅನ್ನೋದೂ ಇದೆ. ಕೊನೆಯಲ್ಲಿ ಎರಡು ಪ್ರಶ್ನೆ ಬರೆದು ಮುಂದೆ ಖಾಲಿ ಬಿಟ್ಟಿದ್ದಾಳೆ: ಇದನ್ನು ಮಾಡಿದವರು ಯಾರು, ಅಜ್ಜನಿಗಿಂತ ಮೊದಲು ಇದು ಯಾರ ಕೈಯಲ್ಲಿತ್ತು. ಅತ್ತೆ ಅದನ್ನು ಮಗನ ಕೈಯಲ್ಲಿ ಕನ್ನಡದಲ್ಲಿ ಓದಿಸಿ ಕೇಳಿದರು. ಪಿಸ್ತೂಲ್ ಈಗ ಡೀಲರ್ ಹತ್ತಿರ ಇದೆ. ಮಾರೋದಾ ಬೇಡವಾ ಅಂತ ಅವರಿನ್ನೂ ತೀರ್ಮಾನಿಸಿಲ್ಲ, ಅವಸರವೂ ಇಲ್ಲ.